ಬಲಕ್ಕೆ ಮಾತ್ರ ತಿರುಗುವ ಸೈಕಲ್ಲು

ಹಾಸನ

ಲಂಡನ್ನಿಗೆ ಹೋಗಿ ಬಂದವರು ಬರೆಯುತ್ತಾರೆ, ಅಮೆರಿಕಕ್ಕೆ ಹೋಗಿ ಬಂದವರು ಬರೆಯುತ್ತಾರೆ. ನಾನು ಚನ್ನರಾಯಪಟ್ಟಣಕ್ಕೆ ಹೋಗಿ ಬಂದವಳು. ನಗಬೇಡಿ. ಇಪ್ಪತ್ತು ವರ್ಷ ಹಾಸನದ ಪೇಟೆ ಬೀದಿಯಲ್ಲೇ ಬೆಳೆದ ಹುಡುಗಿಗೆ ಶಾಂತಿಗ್ರಾಮದಿಂದ ಆಚೆಗಿದ್ದದ್ದೆಲ್ಲ ಪರದೇಶವೇ. ಆ ಪರದೇಶಕ್ಕೆ ನಾನು ಹೋದದ್ದು ಸರ್ಕಾರದ ಹಸಿರು ಲೇಡೀಸ್ ಸೈಕಲ್ಲಿನ ಮೇಲೆ, ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಜೊತೆಗೆ ಗೆಳತಿ ದೇವೀರಿಯನ್ನು ಕಟ್ಟಿಕೊಂಡು.

ಹಳ್ಳಿ ಹಳ್ಳಿಗೂ ಗ್ರಾಮಸೇವಿಕೆಯರನ್ನು ಕಳಿಸಬೇಕೆಂದು ಸರ್ಕಾರ ಹೊರಟಿದ್ದ ಕಾಲ ಅದು. ಕನ್ನಡ ಸೀಮೆಗಳೆಲ್ಲ ಸೇರಿ ಮೈಸೂರು ರಾಜ್ಯ ದೊಡ್ಡದಾಗಿ ಇನ್ನೂ ಒಂದೆರಡು ವರ್ಷವಾಗಿತ್ತು. ನಾವು ತರಬೇತಿಗೆ ಸೇರಿದ ಹುಡುಗಿಯರು ಹೊಗೆಯಿಲ್ಲದ ಒಲೆ ಕಟ್ಟುವುದು ಕಲಿತೆವು, ಮಕ್ಕಳಿಗೆ ಸಿಡುಬಿನ ಚುಚ್ಚುಮದ್ದಿನ ವಿಷಯ ಹೇಳುವುದು ಕಲಿತೆವು. ಕೊನೆಯ ಪರೀಕ್ಷೆ ಮಾತ್ರ ಸೈಕಲ್ಲಿನದು. ಮೈದಾನದಲ್ಲಿ ಎರಡು ಕಲ್ಲು ಇಡುತ್ತಾರೆ. ಕಾಲು ನೆಲಕ್ಕೆ ಊರದೆ ಅವುಗಳ ಸುತ್ತ ಎಂಟು ಬರೆದ ಹಾಗೆ ಸೈಕಲ್ ತುಳಿಯಬೇಕು. ಒಂದು ಕಲ್ಲನ್ನು ಬಲಕ್ಕೆ ಸುತ್ತಬೇಕು, ಇನ್ನೊಂದನ್ನು ಎಡಕ್ಕೆ. ಗೆದ್ದವರಿಗೆ ಆರ್ಡರು, ಒಂದು ಸೈಕಲ್ಲು, ನೋಡಿಕೊಳ್ಳಲು ಐದಾರು ಹಳ್ಳಿ. ಸೋತವರಿಗೆ ಅವರವರ ಮನೆ.

ನನ್ನ ಮನೆ ಎಂದರೆ ಅಪ್ಪನ ದಿನಸಿ ಅಂಗಡಿಯ ಹಿಂದಿನ ಎರಡು ಕೋಣೆ. ಅಪ್ಪ ಖಂಡಿತವಾದಿ. "ಆರ್ಡರ್ ಬಂದ್ರೆ ಹೋಗವ್ವ, ನಾನು ಅಡ್ಡ ಬರಲ್ಲ. ಬರ್ದಿದ್ರೆ ಸುಮ್ನೆ ಹಸೆಮಣೆ ಹತ್ಬೇಕು, ಆಮೇಲೆ ಕ್ಯಾತೆ ತೆಗೀಬಾರ್ದು" ಎಂದಿದ್ದರು. ಗಂಡೂ ನಿಕ್ಕಿಯಾಗಿತ್ತು, ಸೋದರಮಾವನ ಮಗ. ಅವನ ತಪ್ಪೇನೂ ಇಲ್ಲ ಪಾಪ, ಊಟ ಮಾಡುವಾಗ ಸೊರಸೊರ ಸದ್ದು ಮಾಡುತ್ತಾನೆ, ಅಷ್ಟೇ. ಆದರೆ ನನಗೆ ಹಳ್ಳಿಗಳು ಬೇಕಿದ್ದವು. ಸೈಕಲ್ಲು ಬೇಕಿತ್ತು. ರಾತ್ರಿ ಕನಸಿನಲ್ಲೂ ಬೆಲ್ಲು ಹೊಡೆಯುತ್ತಿದ್ದೆ.

ಈಗ ನನ್ನ ಗುಟ್ಟು ಹೇಳುತ್ತೇನೆ. ನನಗೆ ಎಡಕ್ಕೆ ತಿರುಗಲು ಬರುತ್ತಿರಲಿಲ್ಲ.

ಇದು ಅಜ್ಜಿಯ ಕೃಪೆ. ಹೆಣ್ಣುಮಗಳು ಬೀದಿಯಲ್ಲಿ ಸೈಕಲ್ ಕಲಿಯುವುದು ಬೇಡ, ಬಸವಣ್ಣನ ಗುಡಿಯ ಅಂಗಳದಲ್ಲಿ ಬೆಳಗಿನ ಜಾವ ಕಲಿಯಲಿ ಎಂದು ಮನೆಯಲ್ಲಿ ತೀರ್ಮಾನವಾಯಿತು. ಕಾವಲಿಗೆ ಅಜ್ಜಿ ಜಗಲಿಯ ಮೇಲೆ ಕೂತಳು. ಗುಡಿಯ ಸುತ್ತ ಅಂದ ಮೇಲೆ ಪ್ರದಕ್ಷಿಣೆ, ಪ್ರದಕ್ಷಿಣೆ ಅಂದ ಮೇಲೆ ಬಲಕ್ಕೆ. ಒಂದೇ ಒಂದು ಸಲ ಹ್ಯಾಂಡಲ್ಲು ಎಡಕ್ಕೆ ಹೊರಳಿದ್ದಕ್ಕೆ ಅಜ್ಜಿ ಊರುಗೋಲು ಎತ್ತಿಕೊಂಡು ಬಂದಿದ್ದಳು. "ಬಸವಣ್ಣನ್ನ ಎಡಕ್ಕೆ ಸುತ್ತೀಯೇನೇ? ಕಣ್ಣು ಹೋಗ್ತಾವೆ!" ಎರಡು ತಿಂಗಳು ಅವಳು ಬೆರಳು ಮಡಚಿ ನನ್ನ ಸುತ್ತು ಎಣಿಸಿದಳು. "ನಿಂಗೆ ಸೈಕಲ್ಲೂ ಬಂತು, ನಂಗೆ ಪ್ರದಕ್ಷಿಣೇನೂ ಆಯ್ತು" ಎಂದು ಖುಷಿಪಟ್ಟಳು. ಬಲಕ್ಕೆ ತಿರುಗು ಎಂದರೆ ನನಗೆ ಒಂದು ಮೊರದಷ್ಟು ಜಾಗ ಸಾಕು. ಎಡಕ್ಕೆ ಎಂದರೆ ಕೈ ಎರಡೂ ಕಲ್ಲಾಗುತ್ತಿದ್ದವು. ರಸ್ತೆಯ ಸಣ್ಣಪುಟ್ಟ ಬಾಗು ಹೇಗೋ ಸಾಗುತ್ತಿತ್ತು. ಮೂಲೆ ಬಂದರೆ ಇಳಿದು, ಚೈನು ಕಳಚಿತು ಎಂದೋ ಸೆರಗು ಸಿಕ್ಕಿತು ಎಂದೋ ನಾಟಕ ಹೂಡಿ, ಸೈಕಲ್ಲನ್ನು ಕೈಯಿಂದ ಎಡಕ್ಕೆ ತಿರುಗಿಸಿ ಮತ್ತೆ ಹತ್ತುತ್ತಿದ್ದೆ. ಮೈದಾನದಲ್ಲಿ ಎಂಟರ ಅಭ್ಯಾಸವಿದ್ದ ದಿನವೆಲ್ಲ ನನಗೆ ಹೊಟ್ಟೆನೋವು.

ಪರೀಕ್ಷೆ ಸೋಮವಾರ. ಅದಕ್ಕೆ ಮುಂಚೆ ಇಬ್ಬಿಬ್ಬರು ಜೋಡಿಯಾಗಿ ಒಂದು ದೊಡ್ಡ ಸುತ್ತು ಹೋಗಿ ಬರಬೇಕೆಂದು ನಮ್ಮ ಮೇಡಮ್ಮು ಅಪ್ಪಣೆ ಮಾಡಿದರು. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ಮುಟ್ಟಿ ಎರಡು ದಿನದಲ್ಲಿ ಹಾಸನಕ್ಕೆ ವಾಪಸ್ಸು. ಮೂರೂ ಊರಿನ ಬ್ಲಾಕ್ ಆಫೀಸಿನಲ್ಲಿ ಒಂದು ಪುಸ್ತಕಕ್ಕೆ ರುಜು ಹಾಕಿಸಬೇಕು. ಪುಸ್ತಕದ ಕೊನೆಯ ಹಾಳೆಯಲ್ಲಿ ಜೋಡಿಯವಳೇ "ಇವಳಿಗೆ ಸೈಕಲ್ ಚೆನ್ನಾಗಿ ಬರುತ್ತದೆ" ಎಂದು ಬರೆದು ರುಜು ಮಾಡಬೇಕು. ಅಲ್ಲೇ ನನಗೆ ಜೀವ ಹೊಡೆದುಕೊಂಡದ್ದು. ನನ್ನ ಜೋಡಿ ದೇವೀರಿ. ಅವಳು ಸುಳ್ಳಿಗೆ ರುಜು ಹಾಕುವ ಪೈಕಿಯಲ್ಲ.

ದೇವೀರಿ ಅರಕಲಗೂಡು ಸೀಮೆಯವಳು, ಊರಾಚೆಯ ಕೇರಿಯವಳು. ನಮ್ಮದು ಲಿಂಗಾಯತರ ಮನೆ. ತರಬೇತಿ ಕೇಂದ್ರದಲ್ಲಿ ಎಲ್ಲರಿಗೂ ಒಂದೇ ಪಂಕ್ತಿ. ಮೊದಲ ವಾರ ನನಗೂ ಅನ್ನ ಗಂಟಲಲ್ಲಿ ಸಿಕ್ಕಿತ್ತು, ಸುಳ್ಳು ಹೇಳುವುದಿಲ್ಲ. ಎರಡನೆಯ ವಾರ ಅವಳ ತಟ್ಟೆಯ ಉಪ್ಪಿನಕಾಯಿ ಕದ್ದು ತಿನ್ನುತ್ತಿದ್ದೆ. ಅವಳು ಸೈಕಲ್ ಕಲಿತದ್ದು ಕೆರೆ ಏರಿಯ ಮೇಲೆ, ಅದಕ್ಕೇ ಅವಳಿಗೆ ಭಯವೆನ್ನುವುದೇ ಇಲ್ಲ.

"ಮದ್ಲು ಅರಕಲಗೂಡಿಗೋಗನ ಕಣಮ್ಮಿ" ಎಂದಳು ದೇವೀರಿ. ನಾನು ಗೋಡೆಯ ಮೇಲಿನ ಜಿಲ್ಲೆಯ ನಕ್ಷೆ ನೋಡಿದೆ. ಆ ಕಡೆಯಿಂದ ಹೊರಟರೆ ಪ್ರತಿ ಊರಿನಲ್ಲೂ ಎಡಕ್ಕೇ ತಿರುಗಬೇಕು! ಚನ್ನರಾಯಪಟ್ಟಣದಿಂದ ಶುರು ಮಾಡಿದರೆ ಎಲ್ಲವೂ ಬಲಕ್ಕೆ. "ಪೂರ್ವಕ್ಕೆ ಹೊರಟರೆ ಶುಭ" ಎಂದು ಹಟ ಹಿಡಿದೆ. ದೇವೀರಿ ನನ್ನನ್ನು ವಿಚಿತ್ರವಾಗಿ ನೋಡಿ ಒಪ್ಪಿದಳು. ಹೀಗೆ ನನ್ನ ಮೊದಲ ಪರದೇಶ ಯಾತ್ರೆ ಜಿಲ್ಲೆಯ ಅರ್ಧಕ್ಕೆ ಹಾಕಿದ ಪ್ರದಕ್ಷಿಣೆಯಾಯಿತು.

ಚನ್ನರಾಯಪಟ್ಟಣ

ಅಬ್ಬಬ್ಬಾ, ಆ ಗುರುವಾರದ ಬೆಳಗು! ಸುಗ್ಗಿಯ ಚಳಿ, ಬಾಯಿಂದ ಹೊಗೆ ಬರುತ್ತಿತ್ತು. ಇಬ್ಬರೂ ಮೊದಲ ಎರಡು ಮೈಲಿ ಸುಮ್ಮಸುಮ್ಮನೆ ಬೆಲ್ಲು ಹೊಡೆದೆವು. ದಾರಿಯಲ್ಲಿ ಯಾರೂ ಇರಲಿಲ್ಲ, ಆದರೂ ಹೊಡೆದೆವು. ಇಳಿಜಾರಿನಲ್ಲಿ ದೇವೀರಿ ಎರಡೂ ಕಾಲು ಚಾಚಿ "ಹೋ" ಎಂದು ಕೂಗಿದಳು. ನಾನೂ ಕೂಗಿದೆ. ನನ್ನ ಗಂಟಲಿನಿಂದ ಅಷ್ಟು ದೊಡ್ಡ ದನಿ ಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ.

ಹಾಸನದಲ್ಲಿ ಸೈಕಲ್ ಮೇಲೆ ಹೆಂಗಸು ಕಂಡರೆ ಜನ ಬಾಯಿ ಮುಚ್ಚಿಕೊಂಡು ನೋಡುತ್ತಾರೆ. ಚನ್ನರಾಯಪಟ್ಟಣದವರು ಹಾಗಲ್ಲ, ಬುದ್ಧಿ ಹೇಳುತ್ತಾರೆ. "ಸೀಟು ಇಳಿಸ್ಕೊಳವ್ವ." "ಗಾಳಿ ಕಮ್ಮಿ ಅದೆ ನೋಡು." ತೆಂಗಿನಕಾಯಿ ಗಾಡಿಯ ಮೇಲೆ ಕೂತಿದ್ದ ಒಬ್ಬ ಮುದುಕ, "ಎತ್ತಿಗಾದ್ರೆ ಮೇವು ಆಕ್ಬೇಕು, ಇದ್ಕೇನಾಕ್ತೀರಿ?" ಎಂದು ನಿಜವಾಗಿಯೂ ವಿಚಾರಿಸಿದ. ಒಂದಿಷ್ಟು ಎಣ್ಣೆ ಎಂದೆ. "ಪರವಾಗಿಲ್ಲ, ಸಾಧುಪ್ರಾಣಿ" ಎಂದು ತಲೆದೂಗಿದ.

ಬ್ಲಾಕ್ ಆಫೀಸಿನ ಗುಮಾಸ್ತರು ಪುಸ್ತಕ ತಿರುವಿ ನೋಡಿ, "ನಿಮ್ಮನ್ನ ಕರ್ಕೊಂಡು ಬಂದೋರು ಎಲ್ಲವ್ರೆ?" ಎಂದು ಕೇಳಿದರು.

"ಈಚೆ ನಿಂತದೆ ಸಾ, ಮರಕ್ಕೆ ಒರಗ್ಕಂಡು" ಎಂದಳು ದೇವೀರಿ.

ಅವರು ಎದ್ದು ಹೊರಗೆ ಬಂದರು. ಮರದ ಸುತ್ತ ನೋಡಿದರು. ಎರಡು ಸೈಕಲ್ಲು ಬಿಟ್ಟರೆ ಯಾರೂ ಇರಲಿಲ್ಲ. ಅರ್ಥವಾದ ಮೇಲೆ ಬಹಳ ಹೊತ್ತು ನಕ್ಕು, "ಬಂದಿದ್ದು ನಿಜ" ಎಂದು ಬರೆದು ರುಜು ಹಾಕಿದರು, ಎಳನೀರನ್ನೂ ಕೊಡಿಸಿದರು.

ಊರು ಬಿಟ್ಟ ಮೇಲೆ ದೂರದಲ್ಲಿ ಬೆಳಗೊಳದ ಗೊಮ್ಮಟನ ತಲೆ ಕಾಣಿಸಿತು. ದೇವೀರಿ ಕುಣಿದಾಡಿದಳು. "ಅಗಾ ನೋಡಮ್ಮಿ! ಎಡಕ್ಕೆ ಓದ್ರೆ ಬೆಳಗೊಳ, ಅಲ್ಲೇ ಪಕ್ಕದಾಗೆ ಜಿನನಾಥಪುರದ ಬಸದಿ. ಗೋಡೆ ತುಂಬ ಕೆತ್ತನೆಯಂತೆ. ಓಗ್ಬುಟ್ಟು ಬರನ ಬಾ."

ಎಡಕ್ಕೆ! "ಹೊತ್ತಾಗುತ್ತೆ ಕಣೇ, ಹೊಳೆ ದಾಟಬೇಕು" ಎಂದು ಪೆಡಲ್ಲು ಒತ್ತಿದೆ. ಅವಳು ಹಿಂತಿರುಗಿ ಹಿಂತಿರುಗಿ ಗೊಮ್ಮಟನನ್ನು ನೋಡುತ್ತ ಬಂದಳು. ನಾನು ತಲೆ ತಗ್ಗಿಸಿ ತುಳಿದೆ.

ಹೊಳೆನರಸೀಪುರ

ಈ ಊರಿನವರು ಬುದ್ಧಿಯನ್ನೂ ಹೇಳುವುದಿಲ್ಲ, ಸುಮ್ಮನೆಯೂ ಇರುವುದಿಲ್ಲ. ನೇರವಾಗಿ ವಂಶಾವಳಿಗೆ ಕೈ ಹಾಕುತ್ತಾರೆ. ಹೇಮಾವತಿಯಲ್ಲಿ ಮುಖ ತೊಳೆಯಲು ಇಳಿದರೆ ಬಟ್ಟೆ ಒಗೆಯುತ್ತಿದ್ದ ಒಬ್ಬ ಅಜ್ಜಿ, "ಯಾವೂರ ಎಣ್ಮಕ್ಳು? ಯಾರ ಮಕ್ಳು? ತಾಯಿ ಯಾವ ಕಡೆಯೋಳು?" ಎಂದು ಒಂದೇ ಉಸಿರಿಗೆ ಕೇಳಿದಳು. ಎಲ್ಲ ಹೇಳಿದೆವು. ಕೊನೆಗೆ ಸೈಕಲ್ಲಿನ ಬೆಲ್ಲು ತೋರಿಸಿ, "ಒಂದ್ಸಲ ಒಡೀಲಾ?" ಎಂದಳು. ಒಂದು ಸಲ ಎಂದವಳು ಏಳು ಸಲ ಹೊಡೆದಳು. ಅವಳ ಒಗೆದ ಸೀರೆ ಹೊಳೆಯಲ್ಲಿ ತೇಲಿ ಹೊರಟಿತು. ದೇವೀರಿ ಸೊಂಟದ ನೀರಿಗೆ ಇಳಿದು ಹಿಡಿದು ತಂದಳು.

ಅಲ್ಲಿ ಪರಿಚಯದ ನರ್ಸಮ್ಮನ ಮನೆಯಲ್ಲಿ ಮಲಗಿದೆವು. ತೊಡೆ ಎರಡೂ ಒನಕೆಯಾಗಿದ್ದವು. ಆದರೂ ನಗು ನಿಲ್ಲಲಿಲ್ಲ.

ಆಲದ ಮರದ ಹತ್ತಿರ

ಶುಕ್ರವಾರ ಅರಕಲಗೂಡಿನ ದಾರಿ. ಎರಡೂ ಕಡೆ ರಾಗಿ ಕೊಯ್ದ ಹೊಲ, ಅವರೆ ಹೂವಿನ ವಾಸನೆ. ಊರು ಇನ್ನು ಮೂರು ಮೈಲಿ ಎನ್ನುವಾಗ ಒಂದು ದೊಡ್ಡ ಇಳಿಜಾರು ಬಂತು. ದೇವೀರಿ ಮುಂದೆ, ನಾನು ಹಿಂದೆ. ಗಾಳಿಗೆ ಕಣ್ಣಲ್ಲಿ ನೀರು. ಆಗ ಅವಳು ಕೂಗಿದಳು:

"ಅಗಾ, ಆಲದ ಮರ! ಅಲ್ಲಿ ಎಡಕ್ಕೆ! ನಮ್ಮೂರು ಕಣಮ್ಮಿ! ನಿಂಗೆ ಯೋಳ್ದೆ ಮುಚ್ಚಿಟ್ಟಿದ್ದೆ. ಅವ್ವ ಕಡುಬು ಮಾಡಿಟ್ಟವ್ಳೆ!"

ಹೇಳಿದವಳೇ ಮರದ ಬಳಿ ಸರ್ರನೆ ಎಡಕ್ಕೆ ಹೊರಳಿದಳು. ಕೇರಿಯ ಬಾಯಲ್ಲಿ ಹತ್ತು ಹದಿನೈದು ಜನ ನಮ್ಮನ್ನು ನೋಡಲೆಂದೇ ನಿಂತಿದ್ದರು. ಅವರ ಮುಂದೆ ಬಿಳಿಯ ಸೆರಗು ಹೊದ್ದ ಒಬ್ಬ ಹೆಂಗಸು, ಕೈಯಲ್ಲಿ ನೀರಿನ ಚೊಂಬು. ನಾನು ಹ್ಯಾಂಡಲ್ಲು ತಿರುಗಿಸಲು ನೋಡಿದೆ. ಆಗಲಿಲ್ಲ, ಕೈ ಕಲ್ಲು. ಸೈಕಲ್ಲು ಆ ಚೊಂಬಿನ ಮುಂದೆಯೇ ನೆಟ್ಟಗೆ ಹೊರಟುಹೋಯಿತು. ಮುಂದಿನ ಮೋರಿ ದಾಟಿ ಎಲ್ಲೋ ಬ್ರೇಕು ಹಿಡಿಯಿತು.

ದೇವೀರಿ ರಸ್ತೆಗೆ ಓಡಿ ಬಂದಳು. "ಯಾಕೇ ಅಂಗೇ ಓಯ್ತೀಯಾ? ಬಾರೇ!"

ಇಳಿದು ತಳ್ಳಿಕೊಂಡು ಬಂದಿದ್ದರಾಗಿತ್ತು. ಅಷ್ಟೂ ಜನರ ಎದುರಿಗೆ, ಸೈಕಲ್ ಮೇಡಮ್ಮು ಸೈಕಲ್ಲು ತಳ್ಳಿಕೊಂಡು! ದೇವೀರಿ ಯಾಕೆ ಎಂದು ಕೇಳುತ್ತಾಳೆ, ಗುಟ್ಟು ರಟ್ಟಾಗುತ್ತದೆ, ಪುಸ್ತಕಕ್ಕೆ ರುಜು ಬೀಳುವುದಿಲ್ಲ, ಮಾವನ ಮಗ ಸೊರಸೊರ. ಇಷ್ಟೆಲ್ಲ ಒಂದು ಗಳಿಗೆಯಲ್ಲಿ ತಲೆಯೊಳಗೆ ಓಡಿತು. ನನ್ನ ಬಾಯಿಗೆ ಮಣ್ಣು ಹಾಕ, ನಾನು ಕೂಗಿ ಹೇಳಿದ್ದು ಇದು:

"ನೀನು ಹೋಗಿ ಬಾ. ನಾನು ಇಲ್ಲೇ ಕೂತಿರ್ತೀನಿ."

"ಮನೇಗ್ ಬಂದು ಕೂತ್ಕಳೇ."

"ಬೇಡ, ಇಲ್ಲೇ ಸರಿ."

ಅವಳು ಚೊಂಬು ಹಿಡಿದು ನಿಂತ ಅವ್ವನ ಕಡೆ ನೋಡಿದಳು. ಆಮೇಲೆ ತಿರುಗಿ ಹೋದಳು. ಬೇಗ ವಾಪಸ್ಸು ಬಂದಳು, ಕೈಯಲ್ಲಿ ಏನೂ ಇರಲಿಲ್ಲ. ನನ್ನ ಮುಖ ನೋಡದೆ, "ನಡೀರಿ ಗಿರಿಜಮ್ಮಾರೆ, ಹೊತ್ತಾಯ್ತದೆ" ಎಂದಳು.

ಅಮ್ಮಿ ಎನ್ನುತ್ತಿದ್ದವಳ ಬಾಯಲ್ಲಿ ನಡೀರಿ! ಗಿರಿಜಮ್ಮಾರೆ! ಏನೋ ಹುಡುಗಾಟ ಎಂದುಕೊಂಡೆ, ದಡ್ಡಿ.

ಅರಕಲಗೂಡು

ಅರಕಲಗೂಡಿನವರು ನಮ್ಮನ್ನು ನೋಡಿ ಬಾಯಿ ತುಂಬ ನಕ್ಕರು. ಕದ್ದು ನಗುವುದಿಲ್ಲ ಅವರು, ಅದೊಂದು ಒಳ್ಳೆಯ ಗುಣ. ಆದರೆ ನನ್ನ ಜೊತೆಗಾತಿ ನಗಲಿಲ್ಲ. ರುಜು ಹಾಕಿಸಿದೆವು. ಹೋಟೆಲ್ಲಿನ ಮುಂದೆ ಕಾಫಿ ತೆಗೆದುಕೊಂಡರೆ ಅವಳು ತನ್ನ ಲೋಟ ಎತ್ತಿಕೊಂಡು ದೂರದ ಕಲ್ಲುಬೆಂಚಿಗೆ ಹೋಗಿ ಕೂತಳು. ನನಗೆ ಸಿಟ್ಟು ಬೇಗ ಬರುತ್ತದೆ. ಹಿಂದೆಯೇ ಹೋಗಿ, "ಏನಾಗಿದೆ ನಿನಗೆ? ದೆವ್ವ ಹಿಡಿದಿದೆಯಾ?" ಎಂದೆ.

"ನಂಗೇನಾಗಿಲ್ಲ. ಅವ್ವ ವಸಾ ಲೋಟ ಇಸ್ಕಂಡು ಬಂದು ಎಲ್ಡು ಸಲ ಬೆಳ್ಗಿಟ್ಟಿದ್ಲು, ನಿಮ್ಗೇ ಅಂತ. ಕೇರಿ ಒಳೀಕೆ ಬರಾಕಿಲ್ಲ ಅಂತ ಆಸನ್ದಾಗೇ ಯೋಳಿದ್ರೆ ನಾನು ಸುದ್ದಿ ಕಳುಸ್ತಿರ್ನಿಲ್ಲ."

ಅಯ್ಯೋ ಶಿವನೇ! ನೆಲ ಬಿರಿಯಬಾರದೇ ಅನ್ನಿಸಿತು. ಅವಳು ತಪ್ಪು ತಿಳಿದಳೆಂದು ಬಯ್ಯುವ ಹಾಗೂ ಇರಲಿಲ್ಲ. ನಮ್ಮ ಮನೆಯಲ್ಲಿ ಅವಳ ಕೇರಿಯವರಿಗೆ ನೀರು ಕೊಡುವುದು ಹಿತ್ತಿಲಲ್ಲಿ, ಮೇಲಿನಿಂದ ಹೊಯ್ದು. ಅದನ್ನು ನಾನೇ ಎಷ್ಟೋ ಸಲ ಹೊಯ್ದಿದ್ದೇನೆ. ಅವಳು ಬೇರೆ ಏನೆಂದು ತಿಳಿಯಬೇಕಿತ್ತು? ಅವಳನ್ನು ಕಳೆದುಕೊಂಡು ಆರ್ಡರ್ ತಗೊಂಡು ಏನು ಮಾಡಲಿ ಅನ್ನಿಸಿ ಅಳು ಬಂತು. ಎಲ್ಲ ಹೇಳಿಬಿಟ್ಟೆ. ಅಜ್ಜಿ, ಬಸವಣ್ಣ, ಊರುಗೋಲು, ಹೊಟ್ಟೆನೋವು.

"ಎಡಕ್ಕೆ ತಿರ್ಗಾಕೆ ಬರಾಕಿಲ್ವಾ?" ಅವಳ ದನಿ ಇನ್ನೂ ಗಟ್ಟಿಯಾಗಿಯೇ ಇತ್ತು. "ಕತೆ ಕಟ್ಬೇಡಿ."

"ನೋಡು ಹಾಗಾದರೆ" ಎಂದು ಸೈಕಲ್ ಹತ್ತಿದೆ. ಪೇಟೆಯ ನಟ್ಟನಡುವೆ ನಾಲ್ಕು ತುಳಿತ ತುಳಿದು, ಬೇಕೆಂದೇ ಎಡಕ್ಕೆ ಎಳೆದೆ. ಮುಂದಿನದು ನನಗೆ ಪೂರ್ತಿ ನೆನಪಿಲ್ಲ. ಹುಲ್ಲಿನ ಗಾಡಿಯೊಂದು ಎದುರಿಗೆ ಬಂತು, ಆಕಾಶ ಬಂತು, ಮೋರಿ ಬಂತು. ಎದ್ದು ಕೂತಾಗ ಮೊಣಕಾಲಲ್ಲಿ ರಕ್ತ, ತಲೆಯಲ್ಲಿ ಹುಲ್ಲು, ಸುತ್ತ ಅರಕಲಗೂಡಿನ ಅರ್ಧ ಊರು.

ದೇವೀರಿ ಜನರನ್ನು ಸರಿಸಿಕೊಂಡು ಬಂದು ನನ್ನೆದುರು ಕುಕ್ಕರಗಾಲಲ್ಲಿ ಕೂತಳು.

"ಅಂಗಾದ್ರೆ ಬೆಳಗೊಳ?"

"ಹೂಂ. ಎಡಕ್ಕಿತ್ತಲ್ಲ."

"ಚೈನು?"

"ಯಾವತ್ತೂ ಕಳಚಿಲ್ಲ."

"ಪೂರ್ವಕ್ಕೆ ಓದ್ರೆ ಶುಭ?"

"ಅದೂ ಸುಳ್ಳು."

ಅವಳು ಬಾಯಿ ಮುಚ್ಚಿಕೊಂಡಳು. ಹೆಗಲು ಕುಲುಕತೊಡಗಿತು. ಆಮೇಲೆ ಮೋರಿಯ ದಂಡೆಯ ಮೇಲೇ ಕೂತು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. "ಎದ್ದೇಳೇ ಮುಂಡೇದೇ, ಮನೇಗೋಗನ. ಕಡುಬು ಆರೋಯ್ತದೆ" ಎಂದಳು. ಜನ್ಮದಲ್ಲಿ ನನಗೆ ಯಾವ ಬೈಗುಳವೂ ಅಷ್ಟು ಹಿತವಾಗಿ ಕೇಳಿಸಿಲ್ಲ.

ಕಣ

ಅರಕಲಗೂಡಿನ ಕಡೆಯಿಂದ ವಾಪಸ್ಸು ಬಂದರೆ ಅದೇ ಆಲದ ಮರದ ಹತ್ತಿರ ಅವರ ಕೇರಿ ಬಲಕ್ಕೆ ಬರುತ್ತದೆ! ನಾನು ಮಹಾರಾಣಿಯ ಹಾಗೆ ತಿರುಗಿದೆ. ದೇವೀರಿಯ ಅವ್ವ ಅದೇ ಚೊಂಬು ಹಿಡಿದು ಬಂದಳು. ನಾನು ಚೊಂಬು ಎತ್ತಿ ಗಟಗಟ ಕುಡಿದೆ. ಅವಳು ನನ್ನ ಮೊಣಕಾಲು ನೋಡಿ ಅರಿಶಿನ ತಂದಳು. ಅವರೆಕಾಳಿನ ಸಾರಿನಲ್ಲಿ ಮುಳುಗಿಸಿ ಏಳು ಕಡುಬು ತಿಂದೆ.

ದೇವೀರಿಯ ಅಪ್ಪ ಹನುಮಯ್ಯನವರು ಮಾತ್ರ ನನ್ನ ಕತೆ ಕೇಳಿ ನಗಲಿಲ್ಲ. ಬೀಡಿ ಆರಿಸಿ, ಗಂಭೀರವಾಗಿ ಯೋಚಿಸಿದರು.

"ನಮ್ ಎತ್ತೊಂದು ಇಂಗೇ ಆಡ್ತಿತ್ತು ಕಣವ್ವ. ನೊಗದ ಒಂದೇ ಮಗ್ಗುಲಾಗೆ ಕಟ್ಟಿ ಕಟ್ಟಿ ಅದ್ಕೆ ಆ ಮಗ್ಗುಲೇ ಅಬ್ಯಾಸ. ಬದ್ಲಾಯಿಸಿ ಕಟ್ಟುದ್ರೆ ಮನೀಕೊಂಬುಡೋದು. ಅದ್ನ ಒಡಿಯಾಕಾಯ್ತದಾ? ಕಲ್ಸಿದೋರು ನಾವೇ. ಬಾ ಇಲ್ಲಿ."

ಮನೆಯ ಹಿಂದೆ ಕಣವಿತ್ತು. ಸಗಣಿ ಸಾರಿಸಿ ನುಣ್ಣಗೆ ಮಾಡಿದ ದುಂಡನೆಯ ನೆಲ, ನಡುವೆ ಮೇಟಿ, ಅಂದರೆ ರಾಗಿ ತುಳಿಸುವಾಗ ಎತ್ತು ಕಟ್ಟುವ ಕಂಬ. ರಾಗಿ ಒಕ್ಕಿ ಆಗಿತ್ತು, ಕಣ ಖಾಲಿ. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಸೈಕಲ್ ಹತ್ತಲು ಹೇಳಿದರು. ಎತ್ತಿನ ಹಗ್ಗದ ಒಂದು ತುದಿ ಮೇಟಿಗೆ ಸಡಿಲವಾಗಿ ಸುತ್ತಿ, ಇನ್ನೊಂದು ತುದಿಯನ್ನು ನನ್ನ ಹ್ಯಾಂಡಲ್ಲಿನ ಎಡಗಡೆಗೆ ಕಟ್ಟಿದರು. "ಈಗ ತುಳಿ. ನೀನು ತಿರುಗಿಸ್ಬ್ಯಾಡ, ಹಗ್ಗ ತಿರುಗಿಸ್ತದೆ."

ನನಗೆ ಅಜ್ಜಿ ನೆನಪಾದಳು. "ಎಡಕ್ಕೆ ಸುತ್ತಿದ್ರೆ ಕಣ್ಣು ಹೋಗ್ತಾವಂತೆ" ಎಂದೆ.

"ನಮ್ ಎತ್ತು ಎಲ್ಡು ಕಡೀಕೂ ಸುತ್ತದೆ, ಅದ್ರ ಕಣ್ಣು ನೋಡು ಎಂಗವೆ" ಎಂದಳು ಅವ್ವ.

ತುಳಿದೆ. ಹಗ್ಗ ಬಿಗಿಯಾಯಿತು, ಹ್ಯಾಂಡಲ್ಲು ತಾನಾಗಿ ಎಡಕ್ಕೆ ವಾಲಿತು, ಬೀಳುತ್ತೇನೆ ಎಂದು ಚೀರಿದೆ, ಬೀಳಲಿಲ್ಲ. ಹನುಮಯ್ಯನವರು ಪಕ್ಕದಲ್ಲೇ ಓಡುತ್ತ ಎತ್ತಿಗೆ ಹೇಳುವ ಹಾಗೆಯೇ "ಬಾ, ಬಾ, ಬಾ" ಎನ್ನುತ್ತಿದ್ದರು. ನನಗೆ ನಾಚಿಕೆಯೂ ಆಗಲಿಲ್ಲ. ಒಂದು ಸುತ್ತು, ಹತ್ತು ಸುತ್ತು, ಮೂವತ್ತು ಸುತ್ತು. ಕಣದ ಅಂಚಿನಲ್ಲಿ ಕೇರಿಯ ಹೆಂಗಸರು ಕೂತು ಚಪ್ಪಾಳೆ ತಟ್ಟುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಎಲ್ಲರೂ ಒಮ್ಮೆಲೇ ಸುಮ್ಮನಾದರು. ಏನೆಂದು ನೋಡಿದರೆ ಹಗ್ಗ ಹನುಮಯ್ಯನವರ ಹೆಗಲ ಮೇಲಿತ್ತು. ಯಾವಾಗ ಬಿಚ್ಚಿದರೋ ಏನೋ, ನಾನು ಬರಿಯ ಗಾಳಿಯಲ್ಲಿ ಎಡಕ್ಕೆ ಸುತ್ತುತ್ತಿದ್ದೆ!

ಅವತ್ತು ಅಲ್ಲೇ ಉಳಿದೆವು. ಶನಿವಾರ ಬೆಳಿಗ್ಗೆ ಕೇರಿಯಿಂದ ಹೊರಟು ಆಲದ ಮರದ ಹತ್ತಿರ ಎಡಕ್ಕೆ ತಿರುಗಿದೆ. ಓಲಾಡಿದೆ, ಬೀಳಲಿಲ್ಲ. ಹಿಂದಿನಿಂದ ಇಡೀ ಕೇರಿ ಕೂಗಿತು. ಗೊರೂರಿನ ಹೊಳೆ ದಾಟಿ ಹಾಸನ ಸೇರುವವರೆಗೂ ಸಿಕ್ಕ ಸಿಕ್ಕ ಕಡೆ ಎಡಕ್ಕೆ ತಿರುಗಿಸಿ ದೇವೀರಿಯ ತಲೆ ಚಿಟ್ಟು ಹಿಡಿಸಿದೆ. ಒಂದು ದಿನ ತಡವಾಗಿದ್ದಕ್ಕೆ ಮೇಡಮ್ಮು ಬೈದರು. ದೇವೀರಿ ಪುಸ್ತಕದ ಕೊನೆಯ ಹಾಳೆಗೆ ರುಜು ಹಾಕಲಿಲ್ಲ. "ಸ್ವಾಮಾರ ನೋಡಿ ಆಕ್ತೀನಿ" ಎಂದಳು. ಹೇಳಿದೆನಲ್ಲ, ಅವಳು ಅಂಥವಳು.

ಮತ್ತೆ ಹಾಸನ

ಸೋಮವಾರ ಮೈದಾನ. ಎರಡು ಕಲ್ಲು. ಮೇಡಮ್ಮಿನ ಕೈಯಲ್ಲಿ ಪೆನ್ಸಿಲ್ಲು, ಹುಡುಗಿಯರೆಲ್ಲ ಸಾಲಾಗಿ ನಿಂತಿದ್ದರು. ಬೇಲಿಯ ಆಚೆ ಅಪ್ಪ ಅಂಗಡಿ ಬಿಟ್ಟು ಬಂದು, ಬಂದಿಲ್ಲದವರ ಹಾಗೆ ಬೇರೆ ಕಡೆ ನೋಡುತ್ತಿದ್ದರು.

ಮೊದಲ ಕಲ್ಲನ್ನು ಬಲಕ್ಕೆ ಸುತ್ತಿದೆ. ಅಜ್ಜಿ ನೋಡಿದ್ದರೆ ಬೆರಳು ಮಡಚುತ್ತಿದ್ದಳು. ಎರಡನೆಯ ಕಲ್ಲು ಹತ್ತಿರ ಬಂತು. ಕಣವಿಲ್ಲ, ಮೇಟಿಯಿಲ್ಲ, ಹಗ್ಗವಿಲ್ಲ. ಎಡಕ್ಕೆ, ಎಡಕ್ಕೆ ಎಂದು ಮನಸ್ಸಿನಲ್ಲಿ ಹೇಳಿಕೊಂಡಷ್ಟೂ ಕೈ ಬಿಗಿಯಾಯಿತು. ಮತ್ತೆ ಅದೇ ಕಲ್ಲು ಕೈ. ಸೈಕಲ್ಲು ನೆಟ್ಟಗೆ ಬೇಲಿಯ ಕಡೆಗೆ ಹೊರಟಿತು. ಅಪ್ಪ ಈಗ ನನ್ನನ್ನೇ ನೋಡುತ್ತಿದ್ದರು.

ಆಗ ಸಾಲಿನಿಂದ ಆ ದನಿ ಬಂತು. ಹೊಲದ ಈ ತುದಿಯಿಂದ ಆ ತುದಿಗೆ ಕೇಳುವ ದನಿ.

"ನಮ್ಮನೆ ಕಡೀಕೆ ಕಣಮ್ಮಿ! ನಮ್ಮನೆ ಕಡೀಕೆ!"

ಆಲದ ಮರ ಕಂಡಿತು. ಚೊಂಬು ಹಿಡಿದು ನಿಂತ ಅವ್ವ ಕಂಡಳು. ಕೈ ಸಡಿಲವಾಯಿತು, ನಾನು ಅವರ ಮನೆಯ ಕಡೆಗೆ ತಿರುಗಿದೆ.